ಮಂಜಿನ ಮುಂದೆ ಕಟ್ಟಿದ ಪರದೆ

ನಮ್ಮ ಭಾವನಿಗೆ ಊರಿನವರು ಇಟ್ಟ ಹೆಸರು ‘ಸ್ವಲ್ಪ ಎಡಕ್ಕೆ’. ಫೋಟೋ ಸ್ಟುಡಿಯೋ ಇಟ್ಟುಕೊಂಡವರು. ಸ್ಟೂಲಿನ ಮೇಲೆ ಯಾರೇ ಕೂರಲಿ, ಎಷ್ಟೇ ನೆಟ್ಟಗೆ ಕೂರಲಿ, “ಸ್ವಲ್ಪ ಎಡಕ್ಕೆ” ಎನ್ನದೆ ಇವರ ಬೆರಳು ಕ್ಯಾಮೆರಾದ ಗುಂಡಿ ಒತ್ತುವುದಿಲ್ಲ. ಹೇಳಿ ಹೇಳಿ ಆ ಮಾತು ಬಾಯಿಗೇ ಅಂಟಿಕೊಂಡಿದೆ. ಒಮ್ಮೆ ಹಲ್ಲು ಕೀಳಿಸಲು ಹೋದಾಗ ಡಾಕ್ಟರಿಗೂ ಹಾಗೇ ಅಂದುಬಿಟ್ಟರು. ಡಾಕ್ಟರು ಎಡಗಡೆಯ ಒಳ್ಳೆಯ ಹಲ್ಲನ್ನು ಕಿತ್ತು ಕೈಗೆ ಕೊಟ್ಟರು. ಭಾವ ಬೇಜಾರು ಮಾಡಿಕೊಳ್ಳಲಿಲ್ಲ. ಹೇಳಿದ ಮಾತು ಕೇಳುವ ಡಾಕ್ಟರು ಈಗಿನ ಕಾಲದಲ್ಲಿ ಎಲ್ಲಿ ಸಿಗುತ್ತಾರೆ ಎಂದರು.

ಸ್ಟುಡಿಯೋ ಇರುವುದು ದೊಡ್ಡ ನೀಲಿ ನೀರಿನ ಟ್ಯಾಂಕಿನ ಪಕ್ಕದಲ್ಲಿ. ಕೆಳಗೆ ಅಂಗಡಿ, ಮೇಲೆ ಮನೆ, ಅದರ ಮೇಲೆ ಅಕ್ಕ ಬಟ್ಟೆ ಒಣಹಾಕುವ ಟೆರೇಸು. ಅಂಗಡಿಯ ಒಳಗೋಡೆಗೆ ಸುತ್ತಿಟ್ಟ ಪರದೆಗಳು ಸಾಲಾಗಿ ನೇತಾಡುತ್ತವೆ: ಹುಣ್ಣಿಮೆ, ಹಂಸವಿರುವ ಕೊಳ, ಎಲ್ಲಿಗೂ ಹೋಗದ ಒಂದು ಮೆಟ್ಟಿಲು, ವಿಮಾನದ ಬಾಗಿಲು. ಎಲ್ಲ ಭಾವನ ಕೈಯದೇ ಚಿತ್ರ. ಬರೀ ಗೋಡೆಯ ಮುಂದೆ ನಿಲ್ಲಿಸಿದರೆ ಎಂಥ ಸಭ್ಯನೂ ಕಳ್ಳನ ಹಾಗೆ ಕಾಣುತ್ತಾನೆ ಎಂಬುದು ಅವರ ಸಿದ್ಧಾಂತ. ಪಕ್ಕದ ಟೈಲರಿಂಗ್ ಅಂಗಡಿ ನನ್ನದು. ಹೆಂಡತಿಯ ತಮ್ಮ ಟೈಲರಾಗಿದ್ದರೆ ಪರದೆ ಹೊಲಿಸಲು ಬೇರೆಲ್ಲಿಗೂ ಹೋಗಬೇಕಾಗಿಲ್ಲ ಎಂಬುದು ಇನ್ನೊಂದು ಸಿದ್ಧಾಂತ.

ಇಂಥವರು ಪ್ರತಿ ವರ್ಷ ಮೊದಲ ಮಳೆ ಬಿದ್ದ ವಾರ ಒಂದು ದಿನ ಅಂಗಡಿಗೆ ಬೀಗ ಹಾಕಿ, ಅಕ್ಕನನ್ನು ಕರೆದುಕೊಂಡು ಬೆಟ್ಟ ಹತ್ತಲು ಹೋಗುತ್ತಿದ್ದರು. ಬೇಸಿಗೆಯಲ್ಲಿ ಮದುವೆ ಫೋಟೋಗಳ ಗದ್ದಲ, ಕೈಗೆ ಬಿಡುವಿಲ್ಲ. ಬಿಡುವು ಸಿಗುವ ಹೊತ್ತಿಗೆ ಬೆಟ್ಟಕ್ಕೆ ಮೋಡ ಮುಸುಕಿರುತ್ತಿತ್ತು. ಹೋಗುತ್ತಿದ್ದರು, ಜಿಗಣೆ ಕಚ್ಚಿಸಿಕೊಳ್ಳುತ್ತಿದ್ದರು, ತುದಿಯ ಕಂಬಿ ಹಿಡಿದು ಬಿಳೀ ಮಂಜನ್ನು ನೋಡುತ್ತಿದ್ದರು, ವಾಪಸು ಬಂದು ಸೀನುತ್ತಿದ್ದರು. ಬುದ್ಧಿ ಇರುವವರು ಮಾಡುವ ಕೆಲಸವಲ್ಲ ಎಂದು ನಾನು ಹೇಳಿದ್ದನ್ನು ಇಬ್ಬರೂ ಕಿವಿಗೆ ಹಾಕಿಕೊಂಡವರಲ್ಲ.

ಇದಕ್ಕೆಲ್ಲ ಮೂಲ ಭಾವನ ಬಾಯಿ. ಮದುವೆಗೆ ಮುಂಚೆ ಮೊದಲ ಸಲ ಇಬ್ಬರನ್ನೇ ಮಾತಾಡಲು ಬಿಟ್ಟಾಗ ಅಕ್ಕ, “ನೀವು ನೋಡಿದ್ದರಲ್ಲಿ ತುಂಬಾ ಚೆಂದದ್ದು ಯಾವುದು?” ಎಂದು ಕೇಳಿದಳಂತೆ. ಬೇರೆ ಯಾವ ಗಂಡಸಾದರೂ ಕಣ್ಣು ಮುಚ್ಚಿಕೊಂಡು “ನೀನೇ” ಎನ್ನುತ್ತಿದ್ದ. ಇವರು ಗಾಬರಿಯಲ್ಲಿ, “ಆ ಬೆಟ್ಟದ ತುದಿಯಿಂದ ಕಾಣೋ ನೋಟ. ಏಳು ಗುಡ್ಡ, ನಡುವೆ ಒಂದು ಹೊಳೆ. ನಿನಗೂ ತೋರಿಸ್ತೀನಿ” ಎಂದುಬಿಟ್ಟರು. ಮಾತು ಕೊಟ್ಟ ಮೇಲೆ ತೋರಿಸಬೇಕಲ್ಲ.

ಒಂದು ವರ್ಷ ಅಕ್ಕನ ಮಂಡಿ ಕೈಕೊಟ್ಟಿತು. ಇನ್ನು ಮುಂದೆ ಬೆಟ್ಟಗಿಟ್ಟ ಮರೆತುಬಿಡಿ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದರು. ಅಕ್ಕ ಮನೆಗೆ ಬಂದವಳೇ ನನ್ನೆದುರಿಗೇ ಗಂಡನಿಗೆ ಹೇಳಿದಳು: “ರೀ, ಇದೇ ಕೊನೇ ಸಲ. ಈ ಸಲವೂ ಕಾಣದೇ ಹೋದ್ರೆ, ನೋಡಿದ್ದೇ ಸುಳ್ಳು ಅಂತ ಎಲ್ಲರ ಮುಂದೆ ಒಪ್ಕೋಬೇಕು.”

ಭಾವನ ಮುಖ ಹುಳ್ಳಗಾಯಿತು. ಮಾರನೇ ದಿನ ಒಂದು ಥಾನು ಬಟ್ಟೆ ಹೊತ್ತುಕೊಂಡು ನನ್ನ ಅಂಗಡಿಗೆ ಬಂದು ಬಾಗಿಲು ಹಾಕಿದರು.

“ನಾನೂ ನೋಡಿಲ್ಲ ಕಣೋ.”

“ಏನನ್ನ?”

“ಆ ನೋಟಾನ. ಜೀವಮಾನದಲ್ಲಿ ನೋಡಿಲ್ಲ.”

ನನಗೆ ಬಂದ ಸಿಟ್ಟಿಗೆ ಕತ್ತರಿ ಕೆಳಗಿಟ್ಟೆ. ಕೈಯಲ್ಲಿರುವುದು ಕ್ಷೇಮವಲ್ಲ ಅನಿಸಿತು. ಭಾವ ತಮ್ಮ ಯೋಜನೆ ಬಿಚ್ಚಿದರು. ಏಳು ಗುಡ್ಡ, ಒಂದು ಹೊಳೆ ಬರೆದ ದೊಡ್ಡ ಪರದೆ ಮಾಡುವುದು. ಅಕ್ಕನಿಗಿಂತ ಮುಂಚೆ ತುದಿಗೆ ಹೋಗಿ ಮಂಜಿನ ಮುಂದೆ ಹಿಡಿಯುವುದು. ಅವಳ ಕನ್ನಡಕಕ್ಕೆ ಹೇಗೂ ಮಂಜು ಕಟ್ಟಿರುತ್ತದೆ. ದೂರದಿಂದ ಒಂದು ಕ್ಷಣ ಕಂಡರೆ ಸಾಕು.

“ಭಾವ, ಅಕ್ಕ ಕುರುಡಿ ಅಲ್ಲ.”

“ಅಲ್ಲ ಕಣೋ, ಆದ್ರೆ ಅವಳಿಗೆ ಒಳ್ಳೇ ಮನಸ್ಸಿದೆ.”

ಮೂರು ತುಂಡು ಸೇರಿಸಿ ಹೊಲಿದು, ಎರಡು ಅಂಚಿಗೂ ಬಿದಿರಿನ ಗಳು ತೂರಿಸಲು ಮಡಿಕೆ ಮಾಡಿಕೊಟ್ಟೆ. ಭಾವ ರಾತ್ರಿ ಹಗಲು ಕೂತು ಬಣ್ಣ ಬಳಿದರು. ಗುಡ್ಡಗಳೇನೋ ಚೆನ್ನಾಗಿಯೇ ಬಂದವು. ಅಭ್ಯಾಸಬಲದಿಂದ ಹೊಳೆಯಲ್ಲೊಂದು ಹಂಸ ಬಂದು ಕೂತಿತ್ತು. ಬೈದು ಅಳಿಸಿಸಿದೆ. ಅಕ್ಕನಿಗೆ ಅದು ಟೆಂಟು ಎಂದು ಹೇಳಿದ್ದಾಯಿತು.

ಬೆಟ್ಟಕ್ಕೆ ಬಸ್ಸು ಊರಿನಿಂದ ಹೊರಟು, ಸುತ್ತಿ ಬಳಸಿ, ಕರುಳು ಬಾಯಿಗೆ ಬರುವಷ್ಟು ತಿರುವು ದಾಟಿ ಗೇಟಿನ ಹತ್ತಿರ ಇಳಿಸುತ್ತದೆ. ಆ ಸಲ ನಾನೂ ಸೇರಿ ಮೂವರು ಹೋದೆವು. ಗೇಟಿನ ಗಾರ್ಡು ನಮ್ಮ ಸುರುಳಿಯನ್ನು ಕೋಲಿನಿಂದ ತಟ್ಟಿದ.

“ಏನಿದು?”

“ಟೆಂಟು,” ಎಂದರು ಭಾವ.

“ಟೆಂಟು ಹಾಕೋ ಹಾಗಿಲ್ಲ.”

“ಹಾಗಾದ್ರೆ ಬಟ್ಟೆ.”

ಗಾರ್ಡು ತುಂಬಾ ಹೊತ್ತು ಯೋಚಿಸಿದ. “ಬಟ್ಟೆ ಆದ್ರೆ ಮೈಮೇಲೆ ಹಾಕ್ಕೊಂಡು ಹೋಗಿ. ಕೈಯಲ್ಲಿ ಹಿಡ್ಕೊಂಡ್ರೆ ಸಾಮಾನು ಆಗ್ತದೆ.”

ಅಕ್ಕ ಬೆಂಚಿನ ಮೇಲೆ ಕೂತು ಮಂಡಿಗೆ ಪಟ್ಟಿ ಬಿಗಿಯುತ್ತಿದ್ದಳು. ನಾವಿಬ್ಬರೂ ಅಷ್ಟರಲ್ಲೇ ಚಿತ್ರ ಒಳಗಡೆ ಬರುವ ಹಾಗೆ ಒಂದೇ ಪರದೆಯನ್ನು ಹೊದ್ದು, ಗಳುಗಳನ್ನು ಊರುಗೋಲು ಮಾಡಿಕೊಂಡು ಹೊರಟೆವು. ಒಬ್ಬರು ಎಡಗಾಲು ಹಾಕಿದರೆ ಇನ್ನೊಬ್ಬರೂ ಎಡಗಾಲೇ ಹಾಕಬೇಕು. ಭಾವ ನಡುನಡುವೆ “ಸ್ವಲ್ಪ ಎಡಕ್ಕೆ” ಎನ್ನುತ್ತಿದ್ದರು, ಎಡಕ್ಕೆ ಕಮರಿ. ಮಳೆ ಹನಿಯುತ್ತಿತ್ತು. ಏಳು ಗುಡ್ಡಗಳ ಬಣ್ಣ ನನ್ನ ಅಂಗಿಗೆ ಹತ್ತುತ್ತಿತ್ತು.

ತುದಿಯಲ್ಲಿ ಎಂದಿನ ಹಾಗೆ ಏನೂ ಇರಲಿಲ್ಲ. ಕಂಬಿಯ ಆಚೆ ಮಂಜು, ಈಚೆ ಮಂಜು, ನಡುವೆ ಚಾರಣಕ್ಕೆ ಬಂದ ಜನ ಪ್ಲಾಸ್ಟಿಕ್ ಕೋಟು ಹಾಕಿಕೊಂಡು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ನಾವು ಕಂಬಿಯ ಹತ್ತಿರ ಹೋಗಿ, ಆ ಕಡೆ ಭಾವ, ಈ ಕಡೆ ನಾನು, ಗಳು ನೆಟ್ಟು ಪರದೆ ಬಿಚ್ಚಿದೆವು.

ಮರುಕ್ಷಣವೇ ಸಾಲು ನಿಂತುಬಿಟ್ಟಿತು. ಯಾರೂ ಇದೇನು ಎಂದು ಕೇಳಲಿಲ್ಲ. ಒಬ್ಬೊಬ್ಬರಾಗಿ ಪರದೆಯ ಮುಂದೆ ನಿಂತು, ಎರಡೂ ಕೈ ಚಾಚಿ, ಗಾಳಿ ಕುಡಿದು, ಫೋಟೋ ತೆಗೆಸಿಕೊಂಡು, ಮುಂದಿನವರಿಗೆ ಜಾಗ ಬಿಟ್ಟರು. ಜನರನ್ನು ಕರೆತಂದಿದ್ದ ಗೈಡು ಮೊದಲು ಪೆಚ್ಚಾದ, ಆಮೇಲೆ ಕೋಲು ತೆಗೆದುಕೊಂಡು ನಮ್ಮ ಪರದೆಯನ್ನೇ ತೋರಿಸುತ್ತ ವಿವರಿಸಲು ಶುರು ಮಾಡಿದ. “ಮೂರನೇ ಗುಡ್ಡ ನೋಡಿ, ಅದರ ಹಿಂದೇನೇ ನಮ್ಮತ್ತೆ ಮನೆ.” ಜನ ಬಗ್ಗಿ ಬಗ್ಗಿ ನೋಡಿದರು. ಒಬ್ಬಾಕೆಗೆ ತಲೆ ಸುತ್ತು ಬಂದು, ಇಷ್ಟು ಆಳ ಇದೆಯೆಂದು ಗೊತ್ತಿರಲಿಲ್ಲ ಎಂದು ನೆಲಕ್ಕೆ ಕೂತುಬಿಟ್ಟಳು.

ಕೆಂಪು ಟೋಪಿಯವನೊಬ್ಬ ಮಾತ್ರ ಜಗಳಕ್ಕೆ ಬಂದ. “ರೀ, ನಾವು ಇಷ್ಟು ದೂರದಿಂದ ಬಂದಿರೋದು ಮಂಜು ನೋಡೋಕೆ. ನಿಮ್ಮ ನೋಟ ಅಡ್ಡ ಬರ್ತಿದೆ, ತೆಗೀರಿ.”

“ಸ್ವಲ್ಪ ಎಡಕ್ಕೆ ಹೋಗಿ, ಬೇಕಾದಷ್ಟು ಮಂಜಿದೆ,” ಎಂದರು ಭಾವ.

ಅಷ್ಟರಲ್ಲಿ ಅಕ್ಕ ಬಂದಳು. ಸಾಲಿನ ಕೊನೆಯಲ್ಲಿ ನಿಂತು ಕನ್ನಡಕ ತೆಗೆದು, ಸೆರಗಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡಳು. ಒರೆಸುತ್ತಾಳೆಂದು ನಮ್ಮಿಬ್ಬರಲ್ಲಿ ಯಾರಿಗೂ ಹೊಳೆದಿರಲಿಲ್ಲ. ಪರದೆ ನೋಡಿದಳು, ಗಳು ಹಿಡಿದ ಗಂಡನನ್ನು ನೋಡಿದಳು, ಅಂಗಿಯ ತುಂಬ ಹಸಿರು ಬಣ್ಣ ಮೆತ್ತಿಕೊಂಡ ನನ್ನನ್ನು ನೋಡಿದಳು. ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು.

ಆಗಲೇ ಗಾಳಿ ಎದ್ದದ್ದು. ನನ್ನ ಕೈಯ ಗಳು ಕಿತ್ತುಕೊಂಡು ಹೋಗಿ, ಪರದೆ ಭಾವನ ಮೈಗೆ ರಪ್ಪೆಂದು ಸುತ್ತಿಕೊಂಡಿತು. ತಲೆಯಿಂದ ಕಾಲಿನವರೆಗೆ ಏಳು ಗುಡ್ಡಗಳೊಳಗೆ ಕಟ್ಟಿಬಿದ್ದು ಅವರು ಒದ್ದಾಡತೊಡಗಿದರು. ಅದೇ ಗಾಳಿಗೆ ಎದುರಿನ ಮೋಡವೂ ಸರಿಯಿತು. ಇಷ್ಟು ವರ್ಷ ಕಾಯಿಸಿದ ನೋಟ ಕಣ್ಣೆದುರಿಗೆ ಬಿಚ್ಚಿಕೊಂಡಿತು.

ಗುಡ್ಡ ಇಲ್ಲ, ಹೊಳೆ ಇಲ್ಲ. ಕಲ್ಲು ಒಡೆದು ಬೋಳಾದ ಇಳಿಜಾರು, ಅದರ ಬುಡದಲ್ಲಿ ಒಂದು ಊರು. ಊರಿನ ನಡುವೆ ದೊಡ್ಡ ನೀಲಿ ಟ್ಯಾಂಕು. ಟ್ಯಾಂಕಿನ ಪಕ್ಕದ ಟೆರೇಸಿನಲ್ಲಿ ಸಾಲಾಗಿ ಹಳದಿ ಚುಕ್ಕೆಗಳು.

ನಮ್ಮ ಊರಿನ ಹಿಂದೆ ಒಂದು ಬೋಳು ಗುಡ್ಡವಿದೆ, ಹುಟ್ಟಿದಾಗಿನಿಂದ ಯಾರೂ ಅದನ್ನು ಗುಡ್ಡ ಎಂದು ಲೆಕ್ಕಕ್ಕೇ ಇಟ್ಟುಕೊಂಡಿಲ್ಲ. ಬಸ್ಸು ಅಷ್ಟೆಲ್ಲ ಸುತ್ತಿ ನಮ್ಮನ್ನು ಅದರ ಬೆನ್ನಿಗೇ ತಂದು ಇಳಿಸುತ್ತಿತ್ತು.

“ಅಯ್ಯೋ!” ಎಂದು ಕೂಗಿದಳು ಅಕ್ಕ. ಎರಡೂ ಕೈ ಕೆನ್ನೆಯ ಮೇಲಿದ್ದವು. ಜನ ಇವಳಿಗೆ ಆನಂದ ಉಕ್ಕಿಬಂದಿದೆ ಎಂದುಕೊಂಡು ಚಪ್ಪಾಳೆ ತಟ್ಟಿದರು. ನನಗೆ ಮಾತ್ರ ಗೊತ್ತು, ಅವಳು ಬೆಳಿಗ್ಗೆ ಒಣಹಾಕಿದ ಹಳದಿ ಬೆಡ್‌ಶೀಟುಗಳನ್ನು ಒಳಗೆ ತೆಗೆದಿಡುವುದನ್ನು ಮರೆತುಬಂದಿದ್ದಳು.

“ಕಂಡ್ತಾ? ಹೇಗಿದೆ? ಯಾರಾದ್ರೂ ಬಿಚ್ರಯ್ಯಾ!” ಭಾವ ಪರದೆಯೊಳಗಿಂದ ಕಿರುಚುತ್ತಿದ್ದರು. ನಾನು ಮುಖದ ಮೇಲಿನ ಬಟ್ಟೆ ಸರಿಸುವ ಹೊತ್ತಿಗೆ ಮಂಜು ಮತ್ತೆ ಮುಚ್ಚಿಕೊಂಡಿತ್ತು. ಬಿಳೀ ಬಣ್ಣ ಬಿಟ್ಟು ಅವರಿಗೆ ಏನೂ ಸಿಗಲಿಲ್ಲ. ಪರದೇನೇ ಚೆನ್ನಾಗಿತ್ತು ಎಂದು ಕೆಂಪು ಟೋಪಿಯವನು ಗೊಣಗಿದ.

ಭಾವ ಅಕ್ಕನನ್ನು ನೋಡಿದರು. ಎಲ್ಲರ ಮುಂದೆ ಒಪ್ಪಿಕೊಳ್ಳುವ ಗಳಿಗೆ ಬಂತು ಎಂದುಕೊಂಡು, “ನಾನು ಅವತ್ತು...” ಎಂದು ಶುರು ಮಾಡಿದರು.

“ನೀವು ಹೇಳಿದ ಹಾಗೇ ಇತ್ತು,” ಎಂದಳು ಅಕ್ಕ, ಎಲ್ಲರಿಗೂ ಕೇಳುವಂತೆ. “ಏಳು ಗುಡ್ಡ, ನಡುವೆ ಹೊಳೆ. ಬನ್ನಿ, ಬಸ್ಸು ತಪ್ಪಿಹೋಗ್ತದೆ.”

ದಾರಿಯುದ್ದಕ್ಕೂ ಭಾವ ಬೆಪ್ಪಾಗಿ ಕೂತಿದ್ದರು. ತಾವು ಬಾಯಿಗೆ ಬಂದಂತೆ ಹೇಳಿದ್ದು ಎದುರಿಗೇ ಇದ್ದದ್ದು ಹೇಗೆ ಎಂದು ಅವರಿಗೆ ತಲೆ ಕೆಟ್ಟುಹೋಗಿತ್ತು. ಮನೆಗೆ ಬಂದವಳೇ ಅಕ್ಕ ಕುಂಟುತ್ತ ಟೆರೇಸಿಗೆ ಹೋದಳು. ಹಿಂದಿನಿಂದ ನಾವೂ ಒದ್ದೆ ಪರದೆ ಹೊತ್ತುಕೊಂಡು ಹತ್ತಿದೆವು. ಬೆಡ್‌ಶೀಟುಗಳು ನೀರು ಸುರಿಸುತ್ತಿದ್ದವು. ಒಂದರ ತುದಿಯನ್ನು ಗಂಡನ ಕೈಗೆ ಕೊಟ್ಟು ಅಕ್ಕ, “ತಲೆ ಎತ್ತಿ ನೋಡಿ,” ಎಂದಳು. “ಸ್ವಲ್ಪ ಎಡಕ್ಕೆ.”

ಭಾವ ನೋಡಿದರು. ಬೋಳು ಗುಡ್ಡ, ಅದರ ನೆತ್ತಿಯಲ್ಲಿ ಮೋಡ. ಮೋಡ ತುಸು ಹರಿದ ಕಡೆ ಕಂಬಿಯ ಗೆರೆ. ಅವರ ಕೈಯಲ್ಲಿದ್ದ ಬೆಡ್‌ಶೀಟು ಹಾಗೇ ನಿಂತಿತು.

“ಹಾಗಾದ್ರೆ ನಾನು ಹೇಳಿದ್ದು ಸುಳ್ಳು ಅಂತ ಗೊತ್ತಾಯ್ತು.”

“ಅದು ಮದುವೆಯಾದ ಮೊದಲನೇ ವರ್ಷವೇ ಗೊತ್ತಿತ್ತು. ಗಟ್ಟಿಯಾಗಿ ಹಿಡೀರಿ, ಹಿಂಡಬೇಕು.”

“ಮತ್ತೆ ಇಷ್ಟು ವರ್ಷ ಯಾಕೆ ಬಂದೆ?”

ಅಕ್ಕ ಬೆಡ್‌ಶೀಟು ತಿರುಚಿದಳು. ನೀರು ಮೂವರ ಕಾಲ ಮೇಲೂ ಸುರಿಯಿತು.

“ವರ್ಷಕ್ಕೊಂದು ದಿನ ನನಗೋಸ್ಕರ ಅಂಗಡಿ ಮುಚ್ತಿದ್ರಲ್ಲ,” ಎಂದಳು.

ಭಾವ ತಮ್ಮ ಕಡೆಯ ತುದಿಯನ್ನು ಇನ್ನೊಂದು ಸುತ್ತು ತಿರುಚಿದರು. ಮೂವರೂ ಸೇರಿ ಬೆಡ್‌ಶೀಟುಗಳನ್ನು ಹಿಂಡಿ, ಕೊನೆಗೆ ಪರದೆಯನ್ನೂ ಹಿಂಡಿ ತಂತಿಯ ಮೇಲೆ ಹಾಕಿದೆವು.

ಈಗಲೂ ಮೊದಲ ಮಳೆ ಬಿದ್ದ ವಾರ ಸ್ಟುಡಿಯೋಗೆ ಒಂದು ದಿನ ಬೀಗ. ಟೆರೇಸಿನಲ್ಲಿ ಎರಡು ಕುರ್ಚಿ, ಹಿಂದೆ ತಂತಿಗೆ ಆ ಪರದೆ. ಬರೀ ಗೋಡೆಯ ಮುಂದೆ ಕೂರಲು ಭಾವ ಒಪ್ಪುವುದಿಲ್ಲ. ಬೆಟ್ಟ ಹತ್ತಿದವರಿಗೆ ಮಂಜೇನಾದರೂ ಸರಿದರೆ, ನೀಲಿ ಟ್ಯಾಂಕಿನ ಪಕ್ಕದಲ್ಲಿ ಏಳು ಗುಡ್ಡ, ನಡುವೆ ಒಂದು ಹೊಳೆ, ಅದರ ಮುಂದೆ ಇಬ್ಬರು ಕೊಡೆ ಹಿಡಿದು ಕೂತಿರುವುದು ಕಾಣುತ್ತದೆ.