ಹದ್ದಿನ ಫೋಟೋ ತೆಗೆದ ನಮ್ಮ ಭಾವ

ನಮ್ಮ ಭಾವ ಏಕಾಂತಯ್ಯನವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಎಪ್ಪತ್ತಾರನೇ ಇಸವಿಯಲ್ಲಿ ಅವರು ವಿಜಯನಗರದ ಒಂದು ಮಹಡಿ ಮನೆಯಲ್ಲಿ ಬಾಡಿಗೆಗಿದ್ದರು. ಕಾರ್ಖಾನೆಯೊಂದರಲ್ಲಿ ಗುಮಾಸ್ತಿಕೆ, ಉಳಿದ ಹೊತ್ತೆಲ್ಲ ಕ್ಯಾಮೆರಾ ಹಿಡಿದು ಟೆರೇಸಿನ ಮೇಲೆ. ಎದುರಿನ ಖಾಲಿ ಸೈಟಿನ ನೀಲಗಿರಿ ಮರದಲ್ಲಿ ಹದ್ದು ಗೂಡು ಕಟ್ಟಿತ್ತು. ನೆಂಟರು ಬಂದು ಕೂತಿದ್ದರೂ ಈ ಮನುಷ್ಯ ಕೆಳಗಿಳಿಯುತ್ತಿರಲಿಲ್ಲ.

ಅಕ್ಕ ಬಸವರಾಜೇಶ್ವರಿಗೆ ಮಾತ್ರ ಆ ಮನೆ ಎಂದರೆ ಪ್ರಾಣ. ಬಚ್ಚಲಲ್ಲೇ ನಲ್ಲಿ ಇತ್ತು. ಕೆಳಗಿದ್ದ ಮಾಲೀಕರು ಗಿರಿಜಾದೇವಿ, ‘ನಮ್ಮೋರು, ಲಿಂಗ ಕಟ್ಟಿದೋರು’ ಎಂದು ನಂಬಿ ಕಡಿಮೆ ಬಾಡಿಗೆಗೆ ಕೊಟ್ಟಿದ್ದರು.

ಒಂದು ಭಾನುವಾರ ನಾನೂ ಅಲ್ಲಿದ್ದೆ. ಗಿರಿಜಾದೇವಿ ದಡದಡ ಮೆಟ್ಟಿಲು ಹತ್ತಿ ಬಂದರು.

“ನಮ್ಮ ಬಿಲ್ವದ ಗಿಡದ ಬುಡದಲ್ಲಿ ಮೂಳೆ ಬಿದ್ದಿದೆ. ಮಾಗಡಿ ರೋಡ್ ಮಟನ್ ಅಂಗಡೀಲಿ ನಿಮ್ಮ ಯಜಮಾನ್ರನ್ನ ನೋಡಿದೋರಿದಾರೆ. ತಿನ್ನೋದಾದ್ರೆ ಬೇರೆ ಮನೆ ನೋಡ್ಕೊಳ್ಳಿ.”

ಅಕ್ಕ ಕೊರಳಿನ ಲಿಂಗ ಮುಟ್ಟಿ ಆಣೆ ಮಾಡಿದಳು. “ಈ ಮನೆಯೊಳಗೆ ಅಂಥದ್ದು ಬಂದಿಲ್ಲ, ಗಿರಿಜಮ್ಮನೋರೇ.”

“ಬಂದಿದೆ,” ಎಂದರು ಭಾವ. “ನಮಗಲ್ಲ. ಹದ್ದು ಹತ್ರ ಬರ್ಲಿ ಅಂತ.”

ಅಕ್ಕನ ಮುಖ ನೋಡಲಾಗಲಿಲ್ಲ. ಲಿಂಗ ಮುಟ್ಟಿ ಮಾಡಿದ ಆಣೆ ಆ ಕ್ಷಣಕ್ಕೇ ಸುಳ್ಳಾಗಿತ್ತು.

“ಹದ್ದಿಗಾ? ಯಾರ ಕಿವಿ ಮೇಲೆ ಹೂವ ಇಡ್ತೀರಿ?”

ಭಾವ ಒಳಗೆ ಹೋಗಿ, ಬಚ್ಚಲಲ್ಲಿ ತಾವೇ ತೊಳೆದು ದೊಡ್ಡದು ಮಾಡಿದ ಫೋಟೋ ತಂದರು. ಹೇಳಲು ಹೊಟ್ಟೆ ಉರಿಯುತ್ತದೆ, ಫೋಟೋ ಚೆನ್ನಾಗಿತ್ತು. ಟೆರೇಸಿನ ಗೋಡೆಯ ಮೇಲೆ ರೆಕ್ಕೆ ಬಿಚ್ಚಿದ ಹದ್ದು, ಉಗುರಿನಲ್ಲಿ ಮಾಂಸ. ಗಿರಿಜಾದೇವಿ ಸ್ವಲ್ಪ ತಣ್ಣಗಾದರು. “ಹೋಗ್ಲಿ, ಇನ್ಮೇಲೆ ತರಬೇಡಿ,” ಎಂದರು. ಅಲ್ಲಿಗೆ ಬಾಯಿ ಮುಚ್ಚಿದ್ದರೆ ಮನೆ ಉಳಿಯುತ್ತಿತ್ತು.

“ಹದ್ದಿನ ಹೊಟ್ಟೆ ಭಾಗ ಬರೀ ಕಪ್ಪಾಗಿ ಬರ್ತಿತ್ತು,” ಎಂದು ಭಾವ ಬೆರಳಿಟ್ಟು ತೋರಿಸಿದರು. “ಇಗೋ, ಈ ಸ್ಟೀಲ್ ತಟ್ಟೇಲಿ ಮಾಂಸ ಇಟ್ಟೆ ನೋಡಿ, ಬೆಳಕು ಮೇಲಕ್ಕೆ ಹೊಡೀತು.”

ಗಿರಿಜಾದೇವಿ ಫೋಟೋವನ್ನು ಕಣ್ಣಿನ ಹತ್ತಿರ ಹಿಡಿದರು. ತಟ್ಟೆಯ ಅಂಚಿನಲ್ಲಿ ಕೊರೆಸಿದ ಹೆಸರು ಅವರದೇ. ಯುಗಾದಿಗೆ ಹೋಳಿಗೆ ಇಟ್ಟು ಮೇಲೆ ಕಳಿಸಿದ್ದ ತಟ್ಟೆ ಅದು. ಅಡುಗೆಮನೆಯಲ್ಲಿ ಹೆಚ್ಚು ಹೊಳೆಯುತ್ತಿದ್ದುದು ಅದೇ ಎಂದು ಈ ಮಹಾಶಯರು ಎತ್ತಿಕೊಂಡಿದ್ದರು. ಏನೂ ತಿಳಿಯದ ಅಕ್ಕ ಅದನ್ನು ಬೆಳಗಿ, ಬರಿದಾಗಿ ಕೊಡಬಾರದೆಂದು ಕಜ್ಜಾಯ ತುಂಬಿಸಿ ಹಿಂದಿರುಗಿಸಿದ್ದಳು.

“ಬೆಳಿಗ್ಗೆ ದೇವರಿಗೆ ಅದ್ರಲ್ಲೇ ಎಡೆ ಹಿಡ್ದಿದೀನಿ,” ಎಂದರು ಗಿರಿಜಾದೇವಿ. ದನಿ ಏರಲಿಲ್ಲ. “ತಿಂಗಳ ಕೊನೆಗೆ ಖಾಲಿ ಮಾಡಿ.”

ಅವರು ಹೋದ ಮೇಲೆ ಭಾವ ಫೋಟೋವನ್ನು ಬೆಳಕಿಗೆ ಹಿಡಿದು, “ಅಕ್ಷರ ಸಮೇತ ಬಂದಿದೆ ಕಣೋ,” ಎಂದರು ನನಗೆ. ಅವರ ಮುಖದಲ್ಲಿ ಹೆಮ್ಮೆ ಇತ್ತು. ಅವರನ್ನು ಮೆಟ್ಟಿಲಿನಿಂದ ದಬ್ಬಿಬಿಡಬೇಕು ಅನ್ನಿಸಿತು.

ಅಕ್ಕ ಅಟ್ಟದ ಪಾತ್ರೆಗಳನ್ನು ಇಳಿಸತೊಡಗಿದಳು. ನಾನು ಗೋಣಿಚೀಲ ಬಿಚ್ಚಿ ಹಿಡಿದೆ. ಭಾವ ಉಣ್ಣುವ ತಟ್ಟೆ ಕೈಗೆ ಬಂದಾಗ ಅವಳು ಅದನ್ನು ಚೀಲಕ್ಕೆ ಹಾಕಲಿಲ್ಲ. ಟೆರೇಸಿಗೆ ಹೋಗಿ ಗೋಡೆಯ ಮೇಲಿಟ್ಟು ಬಂದಳು.

“ಇನ್ಮೇಲೆ ಅವ್ರ ಊಟ ಅಲ್ಲೇ,” ಎಂದಳು.