ಮಂಗಳನ ಮೇಲಿನ ಕಪ್ಪು ಪಟ್ಟಿ

ಟಚಿಂಗ್ ಮಾಸ್ತರಿಗೆ ಫೋಟೋ ಅಂದರೆ ನಂಬಿಕೆಯಿಲ್ಲ. ಮೂವತ್ತೆಂಟು ವರ್ಷ ಸ್ಟುಡಿಯೋದ ಹಿಂಬದಿ ಕೋಣೆಯಲ್ಲಿ ಕೂತು, ನೆಗೆಟಿವ್ ಮೇಲೆ ಚೂಪು ಪೆನ್ಸಿಲ್ ಆಡಿಸಿ, ಮದುಮಗಳ ಮೊಡವೆ, ಸಾಹುಕಾರರ ಮೆಳ್ಳೆಗಣ್ಣು ಎಲ್ಲ ಸರಿಮಾಡಿದ ಕೈ ಅವರದು. ಮನೆಯ ಆಲ್ಬಮ್ ತೆರೆದರೂ "ಇಲ್ಲಿ ಯಾರೋ ಕೈಯಾಡಿಸಿದ್ದಾರೆ" ಅನ್ನುವರು. "ಆ ಯಾರೋ ನೀವೇ ಅಲ್ವಾ?" ಎಂದು ಹೆಂಡತಿ ಬಾಯಿ ಮುಚ್ಚಿಸುವಳು.

ಗ್ರಂಥಾಲಯದಲ್ಲಿ ಗ್ರಹಗಳ ಚಿತ್ರಪ್ರದರ್ಶನ ಇಟ್ಟಾಗ ಆಕೆಯೇ ಅವರನ್ನು ಹೊರಡಿಸಿದಳು. ಮಂಗಳನನ್ನು ಸುತ್ತುವ ನೌಕೆ ತೆಗೆದ ಚಿತ್ರಗಳು, ಗೋಡೆಯಷ್ಟು ದೊಡ್ಡವು. ಕಣಿವೆ, ಮರಳುದಿಬ್ಬ, ಒಂದೊಂದು ಬಂಡೆಯ ನೆರಳನ್ನೂ ಎಣಿಸಬಹುದಿತ್ತು. ಹೆಂಡತಿ ಬಾಯಿಬಿಟ್ಟು ನೋಡಿದಳು. ಮಾಸ್ತರು ಜೇಬಿನಿಂದ ಭೂತಗನ್ನಡಿ ತೆಗೆದರು.

"ಅಷ್ಟು ದೂರದ್ದು ಇಷ್ಟು ಚೊಕ್ಕವಾಗಿ ಬರುತ್ತಾ? ಬೀದಿ ಕೊನೆಯ ಅಂಗಡಿ ಬೋರ್ಡೇ ನಮ್ಮ ಕ್ಯಾಮೆರಾದಲ್ಲಿ ಮಸುಕಾಗಿ ಬೀಳ್ತಿತ್ತು."

ಅರ್ಧ ಗಂಟೆ ಇಂಚಿಂಚು ತಡಕಿದ ಮೇಲೆ, ಕಣಿವೆಯ ನಡುವೆ ಬೆರಳಗಲದ ಕಪ್ಪು ಪಟ್ಟಿ ಕಂಡಿತು. "ಸಿಕ್ಕಿಬಿದ್ರು!" ಎಂದು ಕೂಗಿಯೇಬಿಟ್ಟರು. ಚಿತ್ರಗಳನ್ನು ವಿವರಿಸಲು ನಿಂತಿದ್ದ ಕಾಲೇಜು ಮೇಡಮ್ ಓಡಿ ಬಂದರು.

"ಇದು ಒಂದೇ ಫೋಟೋ ಅಲ್ಲ. ತುಂಡು ತುಂಡು ಜೋಡಿಸಿದ್ದೀರಿ."

"ಹೌದು ಸರ್. ನೌಕೆ ಸುತ್ತು ಹಾಕ್ತಾ ಒಂದೊಂದು ಪಟ್ಟಿ ತೆಗೆಯುತ್ತೆ."

"ಬಣ್ಣವೂ ಬಳಿದದ್ದು."

"ಹೌದು. ಕಲ್ಲುಗಳ ವ್ಯತ್ಯಾಸ ಕಾಣಲಿ ಅಂತ."

ಇಷ್ಟು ಸಲೀಸಾಗಿ ಒಪ್ಪಿಕೊಂಡದ್ದೇ ಮಾಸ್ತರ ಸಂಶಯ ಹೆಚ್ಚಿಸಿತು. "ಹಾಗಾದ್ರೆ ಈ ಕಪ್ಪಿನ ಹಿಂದೆ ಏನು ಬಚ್ಚಿಟ್ಟಿದ್ದೀರಿ?"

"ಅಲ್ಲಿನ ಚಿತ್ರ ಬಂದೇ ಇಲ್ಲ ಸರ್."

"ಅಕ್ಕಪಕ್ಕದ ಕಲ್ಲು ನೋಡಿ ತುಂಬಬಹುದಿತ್ತಲ್ಲ! ನನಗೆ ಕೊಡಿ, ಸಂಜೆಯೊಳಗೆ ಗುರುತೇ ಸಿಗದ ಹಾಗೆ ತುಂಬಿಕೊಡ್ತೀನಿ."

"ಆಮೇಲೆ ಆ ಕಲ್ಲು ನಿಜವಾಗಿ ಅಲ್ಲಿದೆ ಅಂತ ಯಾರಾದರೂ ನಂಬಿಬಿಟ್ಟರೆ?"

ಮಾಸ್ತರು ಭೂತಗನ್ನಡಿಯನ್ನು ಜೇಬಿಗಿಳಿಸಿದರು. ಹಿಂದೊಮ್ಮೆ ಒಬ್ಬ ಹೆಂಗಸು ತೀರಿಕೊಂಡ ತಮ್ಮನ ಹರಿದ ಫೋಟೋ ತಂದಿದ್ದಳು. ಅರ್ಧ ಮುಖವೇ ಇರಲಿಲ್ಲ. ಇದ್ದ ಅರ್ಧವನ್ನೇ ಮಗುಚಿ ಇನ್ನರ್ಧಕ್ಕೆ ಜೋಡಿಸಿ ಇವರು ಚೆಂದದ ಮುಖ ಮಾಡಿಕೊಟ್ಟಿದ್ದರು. ಆಕೆ ಬಹಳ ಹೊತ್ತು ನೋಡಿ, "ಚೆನ್ನಾಗಿದೆ. ಆದರೆ ಇವನು ಯಾರು?" ಎಂದಿದ್ದಳು.

ಹೊರಡುವಾಗ ಮೇಡಮ್, ನೌಕೆ ಕಳಿಸಿದ, ಬಣ್ಣ ಕೊಡುವ ಮುಂಚಿನ ಒಂದು ಪಟ್ಟಿಯ ಪ್ರತಿ ಕೊಟ್ಟರು. ಬರೀ ಬೂದು, ಮೈತುಂಬ ಗೀರು.

"ತಳ ಹತ್ತಿದ ಪಾತ್ರೆ ಹಾಗಿದೆ" ಎಂದಳು ಹೆಂಡತಿ.

ಮಾಸ್ತರು ಅದನ್ನು ಅಂಚಷ್ಟೇ ಹಿಡಿದು ಮನೆಗೆ ತಂದು, ಕಟ್ಟು ಹಾಕಿಸಿ, ಗೋಡೆಗೆ ತೂಗುಹಾಕಿದರು. ಬಂದವರು ಇದೇನೆಂದು ಕೇಳಿದರೆ, "ಮಂಗಳ. ಇದ್ದದ್ದು ಇದ್ದ ಹಾಗೇ," ಎಂದು ಹೇಳಿ, ತುಸು ತಡೆದು, "ಹಾಗಂತ ಅವರು ಹೇಳ್ತಾರೆ" ಅನ್ನುವರು.