ಕಾಕಾನ ಅರ್ಧ ಡಬ್ಬಿ ಮಣೂಕ

ಬಿಜ್ಜರಗಿಯ ಕಾಕಾ ಹೋದ ವಾರ ಕಳಿಸಿದ ಮಣೂಕದ ಡಬ್ಬಿ ಎದುರಿಗಿದೆ. ಮುಚ್ಚಳ ತೆಗೆದರೆ ಒಣದ್ರಾಕ್ಷಿಯ ವಾಸನೆಗೆ ಬಾಯಲ್ಲಿ ನೀರೂರುತ್ತದೆ. ಡಬ್ಬಿ ತುಂಬಿರುವುದು ಅರ್ಧ ಮಾತ್ರ. ಆ ಅರ್ಧವನ್ನೂ ನಾನು ಇವತ್ತು ಮುಟ್ಟುವ ಹಾಗಿಲ್ಲ. ಕಾರಣ ಹೇಳುತ್ತೇನೆ, ಸ್ವಲ್ಪ ಕೂತುಕೊಳ್ಳಿ.

ಕಾಕಾ ಊರವರ ಗುಟ್ಟನ್ನೆಲ್ಲ ತಿಕೋಟಾ ಸಂತೆಯಲ್ಲಿ ಬಿಚ್ಚುವ ಮನುಷ್ಯ. ತನ್ನದೊಂದನ್ನು ಮಾತ್ರ ನನ್ನೊಬ್ಬನಿಗೇ ಹೇಳಿದ್ದ: ಸಂಡಾಸಿಗೆ ಹೋದಾಗ ರಕ್ತ ಬೀಳುತ್ತಿತ್ತು. ಮೂಲವ್ಯಾಧಿ ಎಂದು ತಾನೇ ತೀರ್ಮಾನಿಸಿ ಮಜ್ಜಿಗೆ ಕುಡಿದ. ನಾನೂ ಹೂಂ ಅಂದೆ. ವೈದ್ಯದಲ್ಲಿ ನನ್ನ ಜ್ಞಾನ ಆ ಮಜ್ಜಿಗೆಗಿಂತ ತೆಳು. ಕೊನೆಗೆ ವಿಜಯಪುರದ ಡಾಕ್ಟರು ದೊಡ್ಡ ಕರುಳಿನ ಕ್ಯಾನ್ಸರ್ ಎಂದರು, ಬೇಗ ಆಪರೇಷನ್ ಆಗಬೇಕೆಂದರು. ಕಾಕಾ ಒಪ್ಪಲಿಲ್ಲ. "ನನ್ನ ಮಗಳು ಅದರ ಮ್ಯಾಲೇ ಓದಾಕತ್ತಾಳ, ಔಷಧ ತರ್ತಾಳ" ಎಂದು ಕೂತುಬಿಟ್ಟ.

ಮಗಳು ಸವಿತಾ ಪ್ರಯೋಗಾಲಯದಲ್ಲಿ ಈ ರೋಗದ ಜೀವಕೋಶಗಳನ್ನು ಬೆಳೆಸಿ, ಅವುಗಳ ಒಂದೊಂದು ಜೀನಿನ ಬಾಯಿ ಮುಚ್ಚಿಸಿ ಏನಾಗುತ್ತದೆಂದು ನೋಡುವವಳು. ರಜೆಗೆ ಬಂದವಳನ್ನು ಕಾಕಾ ದ್ರಾಕ್ಷಿ ಪಡದಲ್ಲೇ, ಬಳ್ಳಿ ಸಾಲಿನ ನಡುವೆ, ಹಿಡಿದು ನಿಲ್ಲಿಸಿದ. ಅದು ಚಾಟ್ನಿಯ, ಅಂದರೆ ಸವರುವಿಕೆಯ ಕಾಲ. ಬಳ್ಳಿ ಕತ್ತರಿಸಿ, ಗೆಣ್ಣಿನ ಕಣ್ಣುಗಳಲ್ಲಿ ಚಿಗುರಬೇಕಾದವಕ್ಕಷ್ಟೇ ಎಬ್ಬಿಸುವ ಪೇಸ್ಟ್ ಹಚ್ಚುತ್ತಿದ್ದರು.

"ಯಪ್ಪಾ, ನಮ್ಮ ಮೈಯಾಗೂ ಇಂಥಾ ಕಣ್ಣು ಅದಾವ, ಜೀನು ಅಂತಾರ. ಕೆಲವು ಚಿಗೀಬೇಕು, ಕೆಲವು ಮಲಗಿರಬೇಕು. ಮಲಗಬೇಕಾದ್ದು ಎದ್ದು, ಕಾವಲು ಕಾಯಬೇಕಾದ್ದು ಮಲಗಿದ್ರ ಗಂಟು ಬೆಳೀತದ, ಬ್ಯಾರೆ ಕಡಿಗೂ ಹಬ್ಬತದ."

ಕಾಕಾನಿಗೆ ತಟ್ಟನೆ ತಿಳಿಯಿತು. ಒಂದು ವರ್ಷ ಆಸೆಗೆ ಬಿದ್ದು ಎಲ್ಲ ಕಣ್ಣಿಗೂ ಪೇಸ್ಟ್ ಬಳಿದು, ಗೊನೆಯಿಲ್ಲದ ಎಲೆಯ ಕಾಡು ಬೆಳೆಸಿದ ಸಾಹಸ ಅವನದೇ. ಆ ವರ್ಷ ಸಂತೋಷಪಟ್ಟದ್ದು ಆಡುಗಳು ಮಾತ್ರ.

"ಎದ್ದದ್ದನ್ನ ಮತ್ತ ಮಲಗಸಾಕ ಬರ್ತದೇನು?"

"ಲ್ಯಾಬಿನ ಗಾಜಿನ ತಟ್ಟ್ಯಾಗ ಬರ್ತದ. ಬೆಳಿಯೋದೂ ಹಬ್ಬೋದೂ ಕಡಿಮಿ ಆಗ್ತದ. ನಿನಗ ಕೊಡೂವಂಥಾ ಔಷಧ ಇನ್ನೂ ಆಗಿಲ್ಲ. ನಿನ್ನ ಗಂಟು ನನ್ನ ಓದು ಮುಗಿಯೂತನಾ ಕಾಯಂಗಿಲ್ಲ, ಯಪ್ಪಾ."

ಕಾಕಾ ಕೈಯಲ್ಲಿದ್ದ ಕತ್ತರಿಯನ್ನು ಹೊರಳಿಸಿ ನೋಡಿದ.

"ಹಂಗಾರ ನನಗೂ ಚಾಟ್ನಿ ಆಗ್ಲಿ."

ಆಪರೇಷನ್ ಆಗಿ ಮೂರು ಬೆಳೆ ಕಳೆದವು. ಕಾಕಾ ಈಗ ಬಬಲೇಶ್ವರದ ಚಹಾದಂಗಡಿಯಲ್ಲೂ ಅಂಗಿ ಎತ್ತಿ ಹೊಲಿಗೆಯ ಗುರುತು ತೋರಿಸುತ್ತಾನೆ. ರಕ್ತಸಂಬಂಧಿಗಳೂ ಪರೀಕ್ಷೆ ಮಾಡಿಸಿಕೊಳ್ಳಲಿ ಎಂದು ಡಾಕ್ಟರು ಹೇಳಿದ್ದರು. ನಾನು ಮದುವೆ, ಮಳೆ, ಮೊಣಕಾಲು ಅಂತ ನೆಪ ಹೇಳುತ್ತಲೇ ಬಂದೆ. ಅದಕ್ಕೇ ಡಬ್ಬಿಯ ಹಿಂದೆಯೇ ಕಾಕಾನ ಫೋನು ಬಂತು: "ತಮ್ಮಾ, ಉಳಿದರ್ಧ ನಿನ್ನ ರಿಪೋರ್ಟ್ ನೋಡಿದ ಮ್ಯಾಲ."

ನಾಳೆ ನನ್ನ ಕರುಳಿಗೆ ಕ್ಯಾಮೆರಾ ಇಳಿಸುತ್ತಾರೆ. ಇವತ್ತು ಬರೀ ಗಂಜಿಯ ತಿಳಿ. ಸಿಪ್ಪೆ, ಬೀಜ ಏನೂ ಕೂಡದು. ಡಬ್ಬಿ ಮುಚ್ಚಿ ಕಾಕಾನಿಗೆ ಫೋನ್ ಮಾಡಿದೆ.

"ಅಂಜಿಕಿ ಆಗಾಕತ್ತದ, ಕಾಕಾ."

ಕಾಕಾ ದನಿ ತಗ್ಗಿಸಿದ.

"ನನಗೂ ಆಗಿತ್ತು. ಅದೊಂದು ಮಾತು ಯಾರಿಗೂ ಹೇಳಿಲ್ಲ ನೋಡು. ನಾಳೆ ಮೊದಲನೇ ಬಸ್ಸಿಗೆ ಬರ್ತೀನಿ. ಉಳಿದರ್ಧಾನೂ ತರ್ತೀನಿ."